ಬೆನ್ನಿಗೆ ಬಿದ್ದ ಗುಂಡು

ನನ್ನಣ್ಣನ ಬೆನ್ನಿಗೆ ಗುಂಡು ಬಿದ್ದಿದ್ದವು. ಎದೆಗೆ ಒಂದೂ ಇರಲಿಲ್ಲ.

ಪೆಟ್ಟಿಗೆ ತೆರೆದು ಮೈ ತೊಳೆಯುವಾಗ ಅದನ್ನು ಮೊದಲು ಕಂಡವಳು ಅವ್ವ. ದವಾಖಾನೆಯವರು ಗಾಯಗಳನ್ನು ಹೊಲಿದು ಕಳಿಸಿದ್ದರು. ಗೋಣಿಚೀಲದ ಬಾಯಿ ಹೊಲಿದ ಹಾಗೆ ದಪ್ಪ ಹೊಲಿಗೆ. ಅವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. ಅಣ್ಣನನ್ನು ಮತ್ತೆ ಅಂಗಾತ ಮಲಗಿಸಿದಳು. ಕೇರಿಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನ್ನಬೇಕಾದ್ದು ಪೆಟ್ಟಿಗೆಗಿಂತ ಮೊದಲೇ ಊರಿಗೆ ಬಂದಿತ್ತು.

ಛತ್ತೀಸಗಡದ ಕಾಡಿನಲ್ಲಿ ನಕ್ಸಲರು ಅಣ್ಣನಿದ್ದ ಪೊಲೀಸ್ ಪಡೆಯ ಮೇಲೆ ಬಿದ್ದರಂತೆ. ಪ್ರವೀಣಕುಮಾರ ಸಾಹೇಬರು ಎದೆಗೊಟ್ಟು ನಿಂತರಂತೆ. ನನ್ನಣ್ಣ ಗುರಪ್ಪ ಬಂದೂಕು ಬಿಸಾಕಿ ಓಡಿದನಂತೆ. ಅವನು ಓಡಿದ್ದಕ್ಕೇ ಸಾಲು ಮುರಿದು ಮೂವರು ಸತ್ತರಂತೆ.

ಇದನ್ನು ಹೇಳಿದವರು ಪ್ರವೀಣಕುಮಾರ ಸಾಹೇಬರೇ. ಆ ತುಕಡಿಯ ಅಧಿಕಾರಿ ಅವರು. ಇಲಕಲ್ಲಿನ ಈರಪ್ಪ ಸಾಹುಕಾರರ ಮಗ. ಸಾಹುಕಾರರಿಗೆ ಹುನಗುಂದ ರಸ್ತೆಯಲ್ಲಿ ಗ್ರಾನೈಟ್ ಫ್ಯಾಕ್ಟರಿ ಇದೆ. ನಾನು ಅಲ್ಲಿ ಕಲ್ಲು ಉಜ್ಜುವವಳು.

ವಿಚಾರಣೆ ಮುಗಿಯುವ ತನಕ ಗೌರವ ಇಲ್ಲ ಎಂದು ಪೆಟ್ಟಿಗೆ ತಂದವರು ಹೇಳಿದರು. ಬಾವುಟ ಹೊದಿಸಲಿಲ್ಲ. ಗಾಳಿಗೆ ಗುಂಡು ಹಾರಿಸಲಿಲ್ಲ. ಸಹಿ ಹಾಕಿಸಿಕೊಂಡು ಗಾಡಿ ತಿರುಗಿಸಿಕೊಂಡು ಹೋದರು.

ನಮ್ಮ ಕೇರಿಯವರು ಹಲಗೆ ಬಾರಿಸುವವರು. ಊರಲ್ಲಿ ಯಾರು ಸತ್ತರೂ ನಮ್ಮ ಹಲಗೆ ಮುಂದೆ, ಹೆಣ ಹಿಂದೆ. ಈರಪ್ಪ ಸಾಹುಕಾರರ ಅಪ್ಪ ಸತ್ತಾಗ ನಮ್ಮವರು ಮುಂಜಾನೆಯಿಂದ ಬಾರಿಸಿದ್ದರು. ನನ್ನ ಕಾಕಾನ ಬೆರಳು ಒಡೆದು ಹಲಗೆಗೆ ರಕ್ತ ಹತ್ತಿತ್ತು. ಗುರಪ್ಪನಿಗೆ ಬಾರಿಸಲೆಂದು ಕಾಕಾ ಒಲೆಯ ಮುಂದೆ ಹಲಗೆ ಕಾಯಿಸುತ್ತಿದ್ದ. ಅವ್ವ ಹೋಗಿ ಅವನ ಕೈ ಹಿಡಿದಳು.

"ಬ್ಯಾಡೋ ಮೈದುನಾ. ಓಡಿ ಬಂದವಗ ಹಲಗಿ ಬಾರಸಬ್ಯಾಡ. ಬೆನ್ನು ತೋರಿಸಿದವಗ ಬಾರಿಸಿದ್ರ ನಾಳಿ ಊರು ನಕ್ಕೋತ ತಿರಗತೈತಿ."

"ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ ಅದಾನವ್ವಾ ಮಾಯವ್ವಾ."

"ಅದಕ್ಕ ಹೇಳಾಕತ್ತೇನಿ. ಬ್ಯಾಡ."

ಹಿರಿಯರೂ ಬೇಡವೆಂದರು. ಇಡೀ ಊರನ್ನು ಸದ್ದು ಮಾಡಿ ಕಳಿಸುವ ಕೇರಿ ತನ್ನ ಮಗನನ್ನು ಸದ್ದಿಲ್ಲದೆ ಮಣ್ಣು ಮಾಡಿತು. ಸಲಿಕೆಯ ಸದ್ದು ಮಾತ್ರ ಇತ್ತು. ನಾನು ದೂರ ನಿಂತು ನೋಡಿದೆ. ನಾನು ಯಾವಾಗಲೂ ದೂರ ನಿಂತೇ ನೋಡುವವಳು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ನನ್ನನ್ನು ಯಾರೂ ಏನೂ ಕೇಳಿಲ್ಲ. ನಾನೂ ಹೇಳಿಲ್ಲ.

ಮರುವಾರ ಕೆಲಸಕ್ಕೆ ಹೋದೆ. ಹೋಗದಿದ್ದರೆ ಒಲೆ ಉರಿಯುವುದಿಲ್ಲ.

ಕಲ್ಲು ಉಜ್ಜುವುದು ಎಂದರೆ ನೀರಲ್ಲಿ ನಿಲ್ಲುವುದು. ಗ್ರೈಂಡರಿನ ತುದಿಗೆ ಬಟ್ಟಲಿನಂಥ ವಜ್ರದ ಚಕ್ರ ಇರುತ್ತದೆ. ಮೊದಲು ಅದನ್ನು ಹಿಡಿದು ಅಂಚು ಹೊಡೆಯಬೇಕು. ಆಮೇಲೆ ಬಟ್ಟಿ ಎನ್ನುವ ಉಜ್ಜುಗಲ್ಲು, ಮೊದಲು ಒರಟಿನದು, ಆಮೇಲೆ ನಯದ್ದು, ಕೊನೆಗೆ ಪುಡಿ ಹಾಕಿ ತಿಕ್ಕಬೇಕು. ಗ್ರೈಂಡರು ಕೈಯಲ್ಲಿ ನಡುಗುತ್ತದೆ. ಆ ನಡುಕ ಮೊಣಕೈ ಹತ್ತಿ ಹೆಗಲಿಗೆ ಬಂದು ಹಲ್ಲಿನವರೆಗೆ ಹೋಗುತ್ತದೆ. ಮನೆಗೆ ಹೋಗಿ ರೊಟ್ಟಿ ಮುರಿಯುವಾಗಲೂ ಕೈ ನಡುಗುತ್ತಿರುತ್ತದೆ. ಕಾಲಬೆರಳ ಸಂದಿಯಲ್ಲಿ ಕೆಂಪು ಕೆಸರು. ಉಗುಳಿದರೆ ಉಗುಳೂ ಕೆಂಪು. ಆಫೀಸಿನ ಗೋಡೆಗೆ ಬಸವಣ್ಣನವರ ದೊಡ್ಡ ಫೋಟೋ ಇದೆ, ದಿನಾ ಹೊಸ ಹಾರ. ಅದರ ಕೆಳಗೆ ತಣ್ಣೀರಿನ ಯಂತ್ರ. ನಮ್ಮ ಕೇರಿಯವರು ಅದನ್ನು ಮುಟ್ಟುವ ಹಾಗಿಲ್ಲ. ನಮಗೆ ಹೊರಗೆ ಬ್ಯಾರಲ್ಲು.

ಅಂಗಳದಲ್ಲಿ ಸೂಪರವೈಸರ್ ಶ್ರೀಶೈಲ ನಿಂತಿದ್ದ. ನನ್ನನ್ನು ನೋಡಿ ಎಲ್ಲರಿಗೂ ಕೇಳುವ ಹಾಗೆ ಅಂದ.

"ಬಾರಬೇ ಹುಲಿಗೆವ್ವ. ಹೆಸರು ನೋಡಿದ್ರ ಹುಲಿ, ಮನಿತುಂಬ ಮೊಲ."

ಗಂಡಸರು ನಕ್ಕರು. ನಾನು ಗ್ರೈಂಡರು ಎತ್ತಿಕೊಂಡೆ. ನನ್ನ ಜೋಡಿ ಕೆಲಸ ಮಾಡುವ ಸಾಜಿಯಾ ಅವನ ಕಡೆ ತಿರುಗಿದಳು.

"ನೀವು ಭಾರಿ ಶೂರ ಅದೀರಿ ಬಿಡ್ರಿ. ನಿನ್ನೆ ಬ್ಯಾರಲ್ಲಿನಾಗ ಹಾವು ಕಂಡಾಗ ಲಾರಿ ಹತ್ತಿ ಕುಂತಿದ್ರಿ."

ಆಗ ಅವರು ಅವನನ್ನು ನೋಡಿ ನಕ್ಕರು. ಆದರೂ ಮೊಲ ಎಂಬ ಮಾತು ನನ್ನ ಮೇಲೆ ನಿಂತಿತು. ನಳದ ಹತ್ತಿರ ನಿಂತಿತು, ಕಿರಾಣಿ ಅಂಗಡಿಯಲ್ಲಿ ನಿಂತಿತು. ಹುಡುಗರು ನನ್ನ ಹಿಂದೆ ಬಂದು ಬಾಯಲ್ಲಿ ಗುಂಡಿನ ಸದ್ದು ಮಾಡಿ ಓಡುತ್ತಿದ್ದರು. ಅವ್ವ ಮನೆಯ ಹೊರಗೆ ಬರುವುದನ್ನೇ ಬಿಟ್ಟಳು.

ಆ ತಿಂಗಳೇ ದೊಡ್ಡ ಕಲ್ಲು ಬಂತು. ಆಳೆತ್ತರದ ಕೆಂಪು ಕಲ್ಲು, ಒಂದು ಬಿರುಕೂ ಇಲ್ಲದ್ದು. ಇದನ್ನು ಹುಲಿಗೆವ್ವನೇ ಮಾಡಲಿ, ಅವಳ ಕೈ ನಯ ಎಂದು ಸಾಹುಕಾರರೇ ಹೇಳಿದರು. ಯಾವುದಕ್ಕೆಂದು ನಾನು ಕೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಉಜ್ಜಿದೆ. ಸೊಂಟ ನೆಟ್ಟಗಾಗದೆ ಗೋಡೆ ಹಿಡಿದು ನಡೆದೆ. ಕೊನೆಗೆ ಕಲ್ಲಿನಲ್ಲಿ ನನ್ನ ಮುಖ ಕಂಡಿತು. ಅದನ್ನು ಅಕ್ಷರ ಕೊರೆಯುವವರ ಕಡೆ ಒಯ್ದರು.

ಒಂದು ಭಾನುವಾರ ಮಧ್ಯಾಹ್ನ ಅಮೀನಗಡದಿಂದ ಒಬ್ಬ ಬಂದ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಬಗಲಲ್ಲಿ ಕೋಲು, ಕೈಯಲ್ಲಿ ಕರದಂಟಿನ ಪುಡಿಕೆ. ಬಾಗಿಲಲ್ಲಿ ನಿಂತು, ನಾನು ಅಫ್ಸರ, ಗುರಪ್ಪನ ತುಕಡಿಯವನು ಎಂದ.

ಅವ್ವ ಪುಡಿಕೆ ನೋಡಿದಳು. "ಸತ್ತ ಮನಿಗೆ ಸಿಹಿ ತರ್ತಾರೇನಪಾ?"

"ಅಮೀನಗಡದಾಂವ ಬರಿಗೈಲೆ ಹೊಂಟ್ರ ಕಂಡಕ್ಟರ್ ಬಸ್ ಹತ್ತಿಸಿಕೊಳ್ಳಂಗಿಲ್ಲ ಯವ್ವಾ."

"ನೀನೂ ಅವನ ಕೂಡ ಓಡಿದ್ದೇನು?"

"ಓಡಾಕ ಕಾಲ ಇರಲಿಲ್ಲ. ಅದು ಅಲ್ಲೇ ಉಳೀತು. ಇನ್ನೂ ಡ್ಯೂಟಿ ಮಾಡಾಕತ್ತೈತಿ." ತಾನೇ ನಕ್ಕ. ಅವ್ವ ನಗಲಿಲ್ಲ. ಅವನ ನಗೆಯೂ ನಿಂತಿತು. ಕೋಲು ಗೋಡೆಗೆ ಆನಿಸಿ ನೆಲದ ಮೇಲೆ ಕುಳಿತ. "ಯವ್ವಾ, ಅಂವ ಓಡಿದ್ದು ಖರೆ. ಎಲ್ಲಿಗೆ ಓಡಿದ ಅಂತ ಯಾರರೆ ಕೇಳಿದ್ರೇನು?"

ಆಮೇಲೆ ಅವನು ಹೇಳಿದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

ಅವರು ಕಾಡಿನೊಳಗಿನ ಒಂದು ಆದಿವಾಸಿ ಹಳ್ಳಿಗೆ ಹೋಗಿ ಗುಡಿಸಲು ತಡಕಾಡಿ ವಾಪಸು ಹೊರಟಿದ್ದರು. ಹೋದ ದಾರಿಯಲ್ಲಿ ತಿರುಗಿ ಬರಬಾರದು. ಅದು ಅಲ್ಲಿನ ಮೊದಲ ಪಾಠ. ಹೋಗುವಾಗ ನೋಡಿದವರು ಬರುವಷ್ಟರಲ್ಲಿ ಬಾಂಬು ಹೂಳಿರುತ್ತಾರೆ. ಆದರೆ ಸುತ್ತಿನ ದಾರಿಗೆ ಗುಡ್ಡ ಹತ್ತಬೇಕಿತ್ತು. ಕ್ಯಾಂಪಿಗೆ ದೊಡ್ಡ ಸಾಹೇಬರು ಬರುವವರಿದ್ದರು. ಪ್ರವೀಣಕುಮಾರ ಬಂದ ದಾರಿಯಲ್ಲೇ ನಡೆಯಿರಿ ಎಂದ. ಗುರಪ್ಪ ಮುಂದೆ ಹೋಗಿ ಬೇಡವೆಂದ.

"ಸಾಹೇಬ ಏನಂದ ಗೊತ್ತೇನು ಯವ್ವಾ? ಉಳಿದವರಿಗೆ ತಿಳೀಬಾರದಂತ ಕನ್ನಡದಾಗ ಅಂದ. 'ಇಲಕಲ್ಲಾಗ ನಮ್ಮ ಅಂಗಳಾ ಬಳಿಯೋರು ಇಲ್ಲಿ ನನಗ ದಾರಿ ತೋರಸ್ತೀರೇನಲೇ? ಹಿಂದ ನಡಿ.' ಆ ತುಕಡ್ಯಾಗ ಕನ್ನಡ ಬರಾವ್ರು ಮೂರs ಮಂದಿ. ಸಾಹೇಬ, ಗುರಪ್ಪ, ನಾ."

ಗುರಪ್ಪ ಎಲ್ಲರ ಹಿಂದೆ ಹೋದ. ಅದಕ್ಕೇ ಸಿಡಿತ ಅವನಿಗೆ ತಾಗಲಿಲ್ಲ. ಮೋರಿಯ ಹತ್ತಿರ ನೆಲ ಎದ್ದಿತು. ಅಫ್ಸರನ ಕಾಲು ಅಲ್ಲೇ ಹೋಯಿತು. ಅವನ ಮುಂದಿದ್ದ ಮೂವರು ಎಲ್ಲಿದ್ದರೋ ಅಲ್ಲಿ ಇರಲಿಲ್ಲ. ಧೂಳು ಇಳಿಯುವ ಮೊದಲೇ ಮರಗಳ ಕಡೆಯಿಂದ ಗುಂಡು ಶುರುವಾದವು. ಕೂಗುವ ದನಿಗಳಲ್ಲಿ ಹೆಣ್ಣು ದನಿಗಳೂ ಇದ್ದವು. ಒಂದು ಹುಡುಗಿ ಮರದ ಬುಡದಲ್ಲಿ ಮೊಣಕಾಲೂರಿ ಹೊಡೆಯುತ್ತಿದ್ದುದನ್ನು ಅಫ್ಸರ ನೋಡಿದ. ಬರಿಗಾಲು. ನನ್ನಷ್ಟೇ ತೆಳ್ಳಗೆ ಇದ್ದಳಂತೆ.

ಬದುಕಿದವರು ಅಫ್ಸರನನ್ನೂ ಎಳೆದುಕೊಂಡು ಹಳ್ಳಕ್ಕೆ ಇಳಿದರು. ಗುರಪ್ಪನೂ ಇಳಿದ. ಅಲ್ಲಿ ಗುಂಡು ತಾಗುತ್ತಿರಲಿಲ್ಲ. ಆಗ ನೋಡಿದರೆ ಸಾಹೇಬ ರಸ್ತೆಯ ನಡುವೆ ಬೋರಲು ಬಿದ್ದಿದ್ದ. ಎರಡೂ ಕಿವಿ ಮುಚ್ಚಿಕೊಂಡು, ಬಂದೂಕು ದೂರ ಬಿಟ್ಟು, ಕಣ್ಣು ಮುಚ್ಚಿ. ಕೂಗಿದರೂ ಏಳಲಿಲ್ಲ.

"ಗುರಪ್ಪ ಎದ್ದು ಓಡಿದ. ನಾ ಒದರಿದೆ, ಬ್ಯಾಡಲೇ, ಅಂವ ನಿನ್ನ ಯಾವ ಕಾಕಾನಲೇ ಅಂತ. ಕೇಳಲಿಲ್ಲ. ಹಿಂದಕ್ಕಲ್ಲ ಯವ್ವಾ, ಸಾಹೇಬನ ಕಡೀಗೆ ಓಡಿದ. ಬೆಲ್ಟ್ ಹಿಡದು ಎಳದ. ಎಳಿಯಾಕ ಆಗಲಿಲ್ಲ, ಸಾಹೇಬ ನೆಲಾ ಗಟ್ಟಿ ಹಿಡದಿದ್ದ. ಗುಂಡು ಬಾಜೂಕ ಮಣ್ಣು ಹಾರಿಸಾಕತ್ವು. ಅಂವ ಸಾಹೇಬನ ಮ್ಯಾಲ ಬಿದ್ದ. ಹಿಂಗ, ಕೈಕಾಲು ಅಗಲ ಮಾಡಿ. ಮುಚ್ಚಿಬಿಟ್ಟ."

ಅಫ್ಸರ ನೆಲದ ಮೇಲೆ ಅಂಗೈ ಹರಡಿ ತೋರಿಸಿದ. ಆ ಕೈ ಅಲ್ಲೇ ಇತ್ತು, ತೆಗೆಯಲಿಲ್ಲ.

"ಹೆಲಿಕಾಪ್ಟರ್ ಬರೂತನಕ ಅಂವ ಹಂಗs ಇದ್ದ. ಯಾವಾಗ ಜೀವ ಹೋತೋ ಗೊತ್ತಿಲ್ಲ. ಅಂವನ್ನ ಎತ್ತಿದ್ರ ಕೆಳಗ ಸಾಹೇಬ. ಮೈಮ್ಯಾಲ ಒಂದು ಗೀರು ಇಲ್ಲ. ತೊಟ್ಟ ಬಟ್ಟೀ ತುಂಬ ರಕ್ತ. ಅದೆಲ್ಲಾ ಗುರಪ್ಪಂದು."

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಎದ್ದಳು. ಮತ್ತೆ ಕುಳಿತಳು. ಹಣೆಯನ್ನು ಗೋಡೆಗೆ ಬಡಿದಳು. ನಾನು ಓಡಿ ಹಿಡಿದುಕೊಂಡೆ.

"ಹಲಗಿ ಬ್ಯಾಡಂದೆ. ಬಾರಸಾಕ ಬಂದವನ ಕೈ ಹಿಡದೆ. ಹಡದಾಕಿ ನಾನs ಬ್ಯಾಡಂದೆ."

ಅಫ್ಸರ ಅಳುತ್ತಿದ್ದ. ನನ್ನ ಹೆಸರು ಎಲ್ಲೂ ಹೇಳಬೇಡಿ ಎಂದ. ಹಳ್ಳದಲ್ಲಿದ್ದ ಉಳಿದವರು ಸಾಹೇಬನಿಗೆ ಹೆದರಿ ಬಾಯಿ ಬಿಡಲಿಲ್ಲವಂತೆ. ಇವನು ವಿಚಾರಣೆಯಲ್ಲಿ ಹೇಳಲು ಹೋಗಿದ್ದನಂತೆ. ಸಿಡಿತಕ್ಕೆ ನಿನ್ನ ತಲೆ ಕೆಟ್ಟಿದೆ ಎಂದು ಬರೆದು ಮನೆಗೆ ಕಳಿಸುತ್ತೇವೆ, ಔಷಧ ಕೂಡ ಸಿಗುವುದಿಲ್ಲ ಎಂದು ಮೇಲಿನವರು ಹೆದರಿಸಿದರಂತೆ. ಅವನ ಮನೆಯಲ್ಲಿ ಉಣ್ಣುವ ಬಾಯಿಗಳಿವೆ. ನಾನು ಹೇಳುವುದಿಲ್ಲ ಎಂದೆ. ಇಲ್ಲಿ ಬರೆದ ಹೆಸರೂ ಅವನದಲ್ಲ.

ನನ್ನಣ್ಣನಿಗೆ ಗುಂಡು ಹೊಡೆದವರ ಮುಖ ನನಗೆ ಗೊತ್ತಿಲ್ಲ. ಸುಳ್ಳು ಹೇಳಿದವನ ಮುಖ ಗೊತ್ತು. ಚಿಕ್ಕವಳಿದ್ದಾಗ ಆ ಮನೆಯ ಅಂಗಳ ನಾನೂ ಬಳಿದಿದ್ದೇನೆ. ಅಫ್ಸರ ಬಂದು ಹೋದಾಗಿನಿಂದ ಸಿಟ್ಟು ನನ್ನನ್ನು ಬಿಡಲಿಲ್ಲ. ಉಣ್ಣುವಾಗ ಇತ್ತು, ಮಲಗುವಾಗ ಇತ್ತು.

ದೊಡ್ಡ ಕಲ್ಲು ಅಕ್ಷರ ಕೊರೆಸಿಕೊಂಡು ವಾಪಸು ಬಂತು. ಅಂಗಳದಲ್ಲಿ ನಿಲ್ಲಿಸಿ ತಾಡಪತ್ರಿ ಹೊದಿಸಿದರು. ಊಟದ ಹೊತ್ತಿಗೆ ಸಾಜಿಯಾ ತುದಿ ಎತ್ತಿ ಓದಿದಳು. ವೈರಿಗಳ ದಾಳಿಗೆ ಎದೆಯೊಡ್ಡಿ, ಓಡಿಹೋಗುತ್ತಿದ್ದವರ ನಡುವೆ ಒಂಟಿಯಾಗಿ ನಿಂತು ಹೋರಾಡಿದ ವೀರ ಪ್ರವೀಣಕುಮಾರ. ಚಿನ್ನದ ಬಣ್ಣ ತುಂಬಿದ ದಪ್ಪ ಅಕ್ಷರ. ಕೆಳಗೆ ಸಣ್ಣದಾಗಿ, ಮೋರಿಯ ಹತ್ತಿರ ಸತ್ತ ಮೂವರ ಹೆಸರು. ಗುರಪ್ಪನ ಹೆಸರು ಇರಲಿಲ್ಲ. 'ಓಡಿಹೋಗುತ್ತಿದ್ದವರು' ಎಂಬುದರಲ್ಲಿ ಮಾತ್ರ ಇದ್ದ.

ಆ ಕಲ್ಲನ್ನು ಕನ್ನಡಿ ಮಾಡಿದ್ದು ನನ್ನ ಕೈ.

ಸಂಜೆ ಸಾಹುಕಾರರು ನನ್ನನ್ನು ಕರೆದರು. ಬಾಗಿಲ ಹೊರಗೆ ನಿಂತೆ.

"ನಾಳಿ ಮಗಾ ಬರ್ತಾನ. ಮಧ್ಯಾಹ್ನ ಇಲ್ಲಿ ಕಲ್ಲಿಗೆ ಪೂಜಿ, ಆಮ್ಯಾಲೆ ಮೆರವಣಿಗಿ ಮಾಡಿ ಸರ್ಕಲ್ಲಿಗೆ ಒಯ್ಯೂದು. ನಿಮ್ಮವ್ವನ್ನ ಕರಕೊಂಡು ಬಾ. ಆಕಿ ಕಡಿಂದ ಮಗನಿಗೆ ಆರತಿ ಮಾಡಸೋಣು. ಏನೋ ನಿಮ್ಮ ಹುಡುಗಾ ತಪ್ಪು ಮಾಡಿದ, ಊರು ನಿಮ್ಮನ್ನ ಕ್ಷಮಾ ಮಾಡೇತಿ ಅಂತ ನಾಕು ಮಂದೀಗೆ ಗೊತ್ತಾಗಲಿ. ನಿಮ್ಮ ಒಳ್ಳೇದಕ್ಕs ಹೇಳೂದು."

ಅವರು ನಿಜವಾಗಿಯೂ ಒಳ್ಳೆಯದೆಂದೇ ತಿಳಿದು ಹೇಳಿದರು. ಅವರಿಗೆ ಮಗ ಹೇಳಿದ್ದಷ್ಟೇ ಗೊತ್ತು. ನಾನು ತಲೆ ಆಡಿಸಿದೆ. ಆಡಿಸಿ ರೂಢಿ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ.

"ನಾ ಬರಂಗಿಲ್ಲ," ಎಂದಳು. "ಬಂದ್ರ ಆರತಿ ತಟ್ಟಿ ಅವನ ಮಾರಿಗೆ ಬಡೀತೇನಿ. ನೀ ಏನ್ ಮಾಡ್ತಿ?"

"ಕೆಲಸಕ್ಕ ಹೋಗ್ತೇನಿ," ಎಂದೆ.

ಮರುದಿನ ಅಂಗಳ ಸಾರಿಸಿದ್ದರು. ಶಾಮಿಯಾನ ಹಾಕಿದ್ದರು. ಕುರ್ಚಿಗಳಲ್ಲಿ ಊರ ದೊಡ್ಡವರು. ಕೂಲಿಯವರನ್ನೆಲ್ಲ ಹಿಂದೆ ನಿಲ್ಲಿಸಿದ್ದರು. ಶ್ರೀಶೈಲ ತಾಡಪತ್ರಿ ತೆಗೆಸಿ, ಕಲ್ಲಿನ ಅಂಚಿಗೆ ಎಲ್ಲೋ ಗೀರು ಬಿದ್ದಿದೆ, ಸಾಹೇಬರ ಗಾಡಿ ಬರುವಷ್ಟರಲ್ಲಿ ಒಂದು ಕೈ ಹೊಡೆ ಎಂದು ನನಗೆ ಹೇಳಿದ.

ನಾನು ಗ್ರೈಂಡರಿಗೆ ವಜ್ರದ ಚಕ್ರ ಹಾಕಿದೆ. ಗುಂಡಿ ಒತ್ತಿದೆ. ಅಂಚಿಗೆ ಹಿಡಿಯಲಿಲ್ಲ. 'ವೈರಿಗಳ' ಎಂಬಲ್ಲಿಂದ ಶುರು ಮಾಡಿದೆ.

ಕಲ್ಲು ಚೀರಿತು. ಚಿನ್ನದ ಬಣ್ಣ ಮೊದಲು ಹಾರಿತು. ಆಮೇಲೆ ಕೆಂಪು ಧೂಳು. ಕಣ್ಣಿಗೆ, ಬಾಯಿಗೆ, ಕೂದಲಿಗೆ. ಹೆಗಲು ಕೊಟ್ಟು ಒತ್ತಿದೆ. ಒಂದು ಸಾಲು ಹೋಯಿತು. 'ಓಡಿಹೋಗುತ್ತಿದ್ದವರ' ಎಂಬಲ್ಲಿ ಇನ್ನೂ ಒತ್ತಿದೆ. ಅಲ್ಲಿ ಕಲ್ಲು ಕುಳಿಬಿತ್ತು. ಯಾರೋ ಕೂಗುತ್ತಿದ್ದರು. ಕುರ್ಚಿಗಳು ಬೀಳುತ್ತಿದ್ದವು. ನನ್ನ ಕೈ ನಡುಗಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ನಡುಗಲಿಲ್ಲ.

ಶ್ರೀಶೈಲ ವಾಯರು ಕಿತ್ತ. ಚಕ್ರ ನಿಂತಿತು. ಸಾಹುಕಾರರು ಬಂದು ನನ್ನ ಕೆನ್ನೆಗೆ ಹೊಡೆದರು. ಬಾಯಲ್ಲಿ ಧೂಳು ರಕ್ತ ಎರಡೂ ಕೂಡಿದವು.

"ಹುಚ್ಚು ಹಿಡದೈತೇನಲೇ ನಿನಗ?"

ಅಷ್ಟರಲ್ಲಿ ಗಾಡಿ ಬಂದಿತ್ತು. ಕೊರಳಲ್ಲಿ ಹಾರ ಹಾಕಿಕೊಂಡು ಪ್ರವೀಣಕುಮಾರ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಎದೆಯ ಮೇಲೆ ಪದಕ. ಕಲ್ಲು ನೋಡಿದ. ನನ್ನನ್ನು ನೋಡಿದ. ಗುರುತು ಹತ್ತಲಿಲ್ಲ.

"ಯಾರಿಕಿ?"

"ಗುರಪ್ಪನ ತಂಗಿ," ಎಂದೆ. ನಾನೇ ಹೇಳಿದೆ. ಅಷ್ಟು ಜನರ ಮುಂದೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಸಾಹೇಬ್ರ, ಒಂದು ಕೇಳೂದೈತಿ. ನಮ್ಮಣ್ಣ ನಿಮ್ಮ ಮ್ಯಾಲ ಬಿದ್ಕೊಂಡಿದ್ನಲ್ರಿ, ಎಷ್ಟು ಭಾರ ಇದ್ದ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಹೆಲಿಕಾಪ್ಟರ್ ಬರೂತನಕ ಇದ್ನಲ್ರಿ. ಉಸಿರಾಡಾಕತ್ತಿದ್ನೇನು? ಏನರೆ ಅಂದ್ನೇನು? ನಮ್ಮವ್ವಗ ಹೇಳಬೇಕು. ಕೊನೀ ಮಾತು ಕೇಳಿದಾವ್ರು ನೀವs."

ಕೂಲಿಯವರು ಮುಂದೆ ಬಂದಿದ್ದರು. ಯಾರೂ ಅವರನ್ನು ಹಿಂದಕ್ಕೆ ಕಳಿಸಲಿಲ್ಲ. ಪ್ರವೀಣಕುಮಾರನ ಕೈ ಕೊರಳಿಗೆ ಹೋಯಿತು. ಹಾರ ಸಡಿಲಿಸಿದ. ಅಂಗಿಯ ಗುಂಡಿ ಬಿಚ್ಚಿದ. ಗಾಳಿ ಸಾಲದವನ ಹಾಗೆ ಉಸಿರು ಎಳೆದ.

"ಏನಂತಾಳೋ ಇಕಿ?" ಸಾಹುಕಾರರು ಕೇಳಿದರು. "ಹೇಳೋ. ಸುಳ್ಳಂತ ಹೇಳೋ."

ಅವನು ಅಪ್ಪನನ್ನು ನೋಡಿದ. "ಸಾಯ್ತಿದ್ದೆ ಅಪ್ಪಾ," ಎಂದ. ಸಣ್ಣ ದನಿ. ಆದರೂ ಎಲ್ಲರಿಗೂ ಕೇಳಿಸಿತು. "ಅಂವ ಮ್ಯಾಲ ಬೀಳದಿದ್ರ ನಾ ಅಲ್ಲೇ ಸಾಯ್ತಿದ್ದೆ."

ನನಗೆ ಮರುಕ ಬರಲಿಲ್ಲ. ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ.

ಸಾಹುಕಾರರು ವ್ಯಾಪಾರಸ್ಥರು. ಕುರ್ಚಿಯವರ ಕಡೆ ನೋಡಿದರು, ಕೂಲಿಯವರ ಕಡೆ ನೋಡಿದರು. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. ಕೆನ್ನೆಗೆ ಹೊಡೆದ ಕೈಯನ್ನು ನನ್ನ ತಲೆಯ ಹತ್ತಿರ ತಂದರು. ಮುಟ್ಟಲಿಲ್ಲ.

"ಆತು ತಂಗಿ. ಆಗಿದ್ದು ಆತು. ಹೊಸಾ ಕಲ್ಲು ಮಾಡಸ್ತೇನಿ. ನಿಮ್ಮಣ್ಣನ ಹೆಸರೂ ಹಾಕಸ್ತೇನಿ. ಪ್ರವೀಣನ ಹೆಸರಿನ ಕೆಳಗ, ಆ ಮೂರು ಮಂದಿ ಕೂಡ. ಇಲ್ಲಿಗೆ ಮುಗಸು."

"ಒಲ್ಲೆ," ಎಂದೆ.

"ಮತ್ತೇನು ಬೇಕು ನಿನಗ?"

"ನಮ್ಮಣ್ಣನ್ನ ನಿಮ್ಮ ಮಗನ ಕೆಳಗ ಇಡಬ್ಯಾಡ್ರಿ. ಸಾಯೂವಾಗ ಅಂವ ಅಲ್ಲಿ ಇರಲಿಲ್ಲ."

ಕಲ್ಲಿನ ಕೆಳಗೆ ಮೂವರ ಹೆಸರುಗಳು ಹಾಗೇ ಇದ್ದವು. ಅವುಗಳನ್ನು ನಾನು ಮುಟ್ಟಿರಲಿಲ್ಲ. ಅವರ ಮನೆಗಳಲ್ಲೂ ಅವ್ವಂದಿರು ಇದ್ದಾರೆ. ಅವುಗಳ ಮೇಲೆ ಇನ್ನೊಂದು ಹೆಸರು ಉಳಿದಿತ್ತು, ದಪ್ಪ ಅಕ್ಷರದ್ದು, ಅರ್ಧ ಧೂಳು ಕೂತು. ನಾಳೆ ಪೊಲೀಸರು ಬರುತ್ತಾರೆ. ಈ ಊರಿನಲ್ಲಿ ಇನ್ನು ಯಾವ ಫ್ಯಾಕ್ಟರಿಯವರೂ ನನ್ನನ್ನು ಒಳಗೆ ಬಿಡುವುದಿಲ್ಲ. ಅದೆಲ್ಲ ಗೊತ್ತಿತ್ತು. ಗ್ರೈಂಡರು ಎತ್ತಿಕೊಂಡೆ.

"ಸಾಜಿಯಾ," ಎಂದೆ, "ವಾಯರ್ ಹಾಕಬೇ."

ಶ್ರೀಶೈಲ ಅಡ್ಡ ಬಂದ. ಸಾಜಿಯಾ ಅವನನ್ನು ನೋಡಿದಳು. ಅವಳ ಹಿಂದೆ ಕಲ್ಲು ಹೊರುವವರು, ಕಲ್ಲು ಕೊಯ್ಯುವವರು ಬಂದು ನಿಂತಿದ್ದರು. ಅವನು ಸರಿದ. ಅವಳು ವಾಯರು ಸಿಕ್ಕಿಸಿದಳು.

ಪ್ರವೀಣಕುಮಾರ ಅಲ್ಲೇ ನಿಂತಿದ್ದ. ಹಾರ ಕೈಯಲ್ಲಿತ್ತು. ಅವನು ನೋಡುತ್ತಿರುವಾಗಲೇ ನಾನು ಅವನ ಹೆಸರಿನ ಮೊದಲ ಅಕ್ಷರದ ಮೇಲೆ ಚಕ್ರ ಒತ್ತಿದೆ.